ಗೌಡಶಾನಿಯ ಜೀವ ಯಾರ ಮೇಲಿತ್ತು

ಇದನ್ನು ನೀವು ನಂಬುವುದಿಲ್ಲ. ಬೇಸರವಿಲ್ಲ. ರಾಮದುರ್ಗದ ನಮ್ಮ ಓಣಿಯಲ್ಲೇ ಅರ್ಧ ಜನ ನಂಬಿಲ್ಲ. ಇನ್ನರ್ಧ ಜನ ಆ ದಿನ ನಮ್ಮ ಪಡಸಾಲೆಯಲ್ಲೇ ಕೂತಿದ್ದರು. ಪಾಪ, ಅವರಿಗೆ ನಂಬದೆ ಗತಿಯಿಲ್ಲ.

ನಿನ್ನೆ ಮಗ್ಗದ ಕುಣಿ ಗುಡಿಸುತ್ತಿದ್ದಾಗ ಒಂದು ಮೀಸೆ ಸಿಕ್ಕಿತು. ಬೆಳ್ಳಗೆ, ತಂತಿಯ ಹಾಗೆ ಬಿರುಸು, ಒಂದು ಗೇಣಿಗೆ ಸ್ವಲ್ಪವೇ ಕಡಿಮೆ ಉದ್ದ. ಸ್ವಲ್ಪ ಅಂದರೆ ಮುಕ್ಕಾಲು ಗೇಣು. ಅದು ಅಪ್ಪನದಲ್ಲ. ಅಪ್ಪ ಮೀಸೆ ಬಿಟ್ಟಿಲ್ಲ, ಅವ್ವ ಯಾಕೆಂದು ಕೇಳಿದರೆ ಉತ್ತರ ಹೊಳೆಯಲಿಕ್ಕಿಲ್ಲ ಎಂಬ ಭಯಕ್ಕೆ. ಅದು ಗೌಡಶಾನಿಯದು. ಗೌಡಶಾನಿ ಅಂದರೆ ನಮ್ಮ ಬೆಕ್ಕು, ಹೋದ ವರ್ಷ ತೀರಿಕೊಂಡಳು. ಆ ಹೆಸರಿಟ್ಟವಳು ಆಯಿ, ಅಂದರೆ ಅಪ್ಪನ ಅವ್ವ. ಹಾಲು ಕೊಟ್ಟವರ ಮುಖ ಕೂಡ ನೋಡದೆ ಕುಡಿದು, ಬಾಯಿ ಒರೆಸಿಕೊಂಡು, ನಮ್ಮ ಮನೆಯಲ್ಲಿ ನಮಗೇ ಕುಳಿತುಕೊಳ್ಳಲು ಜಾಗ ಬಿಡದ ಆ ಠೀವಿ ನೋಡಿ, "ಇದು ಬೆಕ್ಕಲ್ಲ, ಯಾವದೋ ಊರ ಗೌಡನ ಹೇಣ್ತಿ," ಎಂದಳಂತೆ ಆಯಿ. ಅಂದಿನಿಂದ ಗೌಡಶಾನಿ.

ವಯಸ್ಸು? ಹತ್ತೊಂಬತ್ತು ತುಂಬಲು ನಾಲ್ಕೇ ತಿಂಗಳು ಕಡಿಮೆ. ಆಕೆ ಹುಟ್ಟಿದ ದಿನ ನಮ್ಮೂರು ಮುಂಬಯಿ ರಾಜ್ಯದಲ್ಲಿತ್ತು. ಕಣ್ಣು ಬಿಡುವುದರೊಳಗೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಹಲ್ಲೆಲ್ಲ ಉದುರಿದ ಮೇಲೆ ಕರ್ನಾಟಕ ಅಂತ ಹೆಸರಾಯಿತು. ಮೂರು ರಾಜ್ಯ ಕಂಡ ಬೆಕ್ಕು ಅದು, ಮೂರಕ್ಕೂ ಮಲಗಿದ ಜಾಗದಿಂದ ಎದ್ದವಳಲ್ಲ. ನಮ್ಮ ಇತಿಹಾಸದ ಮಾಸ್ತರರಿಗೆ ಈ ಮಾತು ಹೇಳಿದಾಗ ಅವರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಎತ್ತರದಿಂದ ನೋಡಿದರೂ ಅದು ಸರಿಯಾಗಿಯೇ ಇತ್ತು.

ಕುಣಿ ಮಗ್ಗ ನೋಡದವರಿಗೆ ಒಂದು ಮಾತು. ನೇಯುವವರು ನೆಲದ ಮೇಲೇ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟಿರುತ್ತಾರೆ. ಕುಣಿ ಅಂದರೆ ಸೊಂಟದುದ್ದದ ತಗ್ಗು. ಅದರ ತಳದಲ್ಲಿ ಎರಡು ಕಾಲುಮಣೆ. ಒಂದನ್ನು ಒತ್ತಿದರೆ ಅರ್ಧ ಎಳೆ ಮೇಲೆ, ಇನ್ನೊಂದನ್ನು ಒತ್ತಿದರೆ ಉಳಿದರ್ಧ. ನಮ್ಮ ಮನೆಯಲ್ಲಿ ನೇಯುವವಳು ಅವ್ವ. ಅಪ್ಪ ನೂಲು ತರುತ್ತಾನೆ, ನೂಲಿಗೆ ಗಂಜಿ ಹಚ್ಚುತ್ತಾನೆ, ಹೋಟೆಲಿನಲ್ಲಿ ಚಹಾ ಕುಡಿಯುತ್ತಾನೆ, ಮತ್ತು ಎಲ್ಲದಕ್ಕೂ ಚಿಂತೆ ಮಾಡುತ್ತಾನೆ. ಗಂಜಿ ಹಚ್ಚಿದ ನೂಲು ಅಂದರೆ ಇಲಿಗಳಿಗೆ ಹೋಳಿಗೆ. ಆದ್ದರಿಂದ ನೇಕಾರರ ಮನೆಯಲ್ಲಿ ಬೆಕ್ಕು ಸಾಕುವುದು ಮುದ್ದಿಗಲ್ಲ, ನೌಕರಿಗೆ. ಗೌಡಶಾನಿ ನೌಕರಿ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಆದರೆ ಆಕೆ ಇದ್ದಷ್ಟು ದಿನ ಇಲಿಗಳೂ ಕಾಣಲಿಲ್ಲ. ದೊಡ್ಡ ಅಧಿಕಾರಿಗಳು ಹೀಗೇ ಇರುತ್ತಾರಂತೆ.

ಒಮ್ಮೆ ಆಕೆಯನ್ನು ಗಡಿಪಾರು ಮಾಡಿದ್ದೂ ಉಂಟು. ನೇಯ್ದು ಮಡಿಚಿಟ್ಟ ಸೀರೆಯ ಮೇಲೆ ನಾಲ್ಕು ಮರಿ ಹಾಕಿದ್ದಳು, ಅದೂ ಸೆರಗಿನ ಮೇಲೆ. ಮರಿಗಳು ದೊಡ್ಡವಾಗಿ ನಾಲ್ಕು ಮನೆ ಸೇರುವ ತನಕ ಅವ್ವ ತುಟಿ ಬಿಚ್ಚಲಿಲ್ಲ. ಸೇರಿದ ಮರುದಿನ ಅಪ್ಪನ ಕೈಗೆ ಗೋಣಿಚೀಲ ಕೊಟ್ಟಳು. ಪಕ್ಕದ ಮನೆಯ ಹಜರತಬೀಯ ಗಂಡ ಲಾರಿ ಹೊಡೆಯುತ್ತಾನೆ. ಅವನ ಲಾರಿಯಲ್ಲಿ ಸವದತ್ತಿಗೆ ಒಯ್ದು, ಸಂತೆಯ ನಡುವೆ ಚೀಲ ಬಿಚ್ಚಿ, ಅಪ್ಪ ಕೈಮುಗಿದು ಬಂದ. ಎಂಟನೆಯ ದಿನ ಗೌಡಶಾನಿ ಹೊಸ್ತಿಲ ಮೇಲೆ ಕೂತಿದ್ದಳು. ಗುಡ್ಡ ಹತ್ತಿ, ಮಲಪ್ರಭೆಯ ಮಹಾಪೂರದಲ್ಲಿ ಈಸಿ, ತೋಳಗಳ ಕಣ್ಣು ತಪ್ಪಿಸಿ ಬಂದಳು ಎಂದು ನಾನು ಸಾಲೆಯಲ್ಲಿ ಹೇಳಿದ್ದೇನೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ. ಅದೇ ಲಾರಿಯಲ್ಲಿ, ಅರಳೆ ಅಂಡಿಗೆಗಳ ಮೇಲೆ ಮಲಗಿಕೊಂಡು ಬಂದಳು. ನಡುವೆ ಏಳು ದಿನ ಆ ಲಾರಿ ಕೆಟ್ಟು ಸವದತ್ತಿಯಲ್ಲೇ ನಿಂತಿತ್ತು. ರಿಪೇರಿ ಆಗುವವರೆಗೆ ಆಕೆ ಕಾದಿದ್ದಳು, ಅಷ್ಟೆ.

ಇಂಥ ಗೌಡಶಾನಿ ಹೋದ ವರ್ಷ ಒಂದು ಸೋಮವಾರ ಉಣ್ಣುವುದನ್ನು ಬಿಟ್ಟಳು. ಮಂಗಳವಾರ ಕುಣಿಗೆ ಇಳಿದಳು. ಇಳಿದಳು ಅನ್ನುವುದು ಗೌರವದ ಮಾತು, ನಿಜವಾಗಿ ಬಿದ್ದಳು. ಎರಡು ಕಾಲುಮಣೆಗಳ ನಡುವೆ ಮೈ ಚಾಚಿ ಮಲಗಿದವಳು ಏಳಲಿಲ್ಲ. ಅಪ್ಪ ಎತ್ತಿ ಒಲೆಯ ಹತ್ತಿರ ಮಲಗಿಸಿದ. ಒಂದು ತಾಸಿನಲ್ಲಿ ತೆವಳಿಕೊಂಡು ಬಂದು ಮತ್ತೆ ಕುಣಿಗೆ ಬಿದ್ದಳು. ಇನ್ನೊಮ್ಮೆ ಎತ್ತಿದ. ಇನ್ನೊಮ್ಮೆ ಬಿದ್ದಳು, ಈ ಸಲ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು. ಆಮೇಲೆ ಯಾರೂ ಎತ್ತಲಿಲ್ಲ. ಹಳೆಯ ಸೀರೆಯ ತುಂಡು ಹಾಸಿಕೊಟ್ಟೆವು.

ಮಗ್ಗ ನಿಂತಿತು. ಸಾಯುವ ಜೀವಕ್ಕೆ ಕಾಲು ತಾಗಿಸುವುದುಂಟೆ? ಕಾಲು ತಾಗಿಸದೆ ನೇಯುವುದುಂಟೆ? ಮೂರು ದಿನ ಅವ್ವ ಕುಣಿಯ ದಂಡೆಯಲ್ಲಿ ಕಾಲು ಮಡಚಿ ಕೂತು ಕೆಳಗೆ ನೋಡಿದಳು. ಶುಕ್ರವಾರ ಆಕೆಗೆ ತವರಿಗೆ ಹೋಗುವುದಿತ್ತು. ಕಿತ್ತೂರಿನ ಹತ್ತಿರದ ದೇಗಾಂವ ಆಕೆಯ ತವರು, ಅಲ್ಲಿ ಅವಳ ತಮ್ಮನ ಕೂಸಿಗೆ ತೊಟ್ಟಿಲು. ಚೀಲ ಹಿಡಿದು ಹೊಸ್ತಿಲು ದಾಟುವಾಗ ಅಪ್ಪನಿಗೆ ಹೇಳಿದಳು:

"ಐತವಾರ ಸಂಜೀಕ ಬರತೇನಿ. ಸೋಮವಾರ ಮಗ್ಗಕ್ಕ ಹೊಸಾ ಹಾಸು ಏರಸ್ತೇನಿ. ಅಷ್ಟರಾಗ ಕುಣಿ ಖಾಲಿ ಆಗಿರಬೇಕ್ರಿ."

"ಹೆಂಗ ಖಾಲಿ ಮಾಡಬೇಕು?" ಎಂದ ಅಪ್ಪ.

"ಚೀಲ ಐತಿ. ಹೊಳಿ ಐತಿ. ಹೊಳಿ ಆಚೀಕ ದಂಡಿ ಐತಿ. ಇನ್ನ ನಾನ ಎಲ್ಲಾ ಹೇಳಬೇಕೇನ್ರಿ?"

ಅಪ್ಪ ಇರುವೆ ಸಾಲು ಕಂಡರೆ ಬೇರೆ ಓಣಿಯಿಂದ ಸುತ್ತಿಕೊಂಡು ಬರುವ ಮನುಷ್ಯ. ಅವ್ವ ಹೋದ ಮೇಲೆ ಚೀಲ ತೆಗೆದ. ಜಾಡಿಸಿದ. ತೂತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿದ. ಮಡಿಚಿ ಇಟ್ಟ. ಹೋಟೆಲಿಗೆ ಹೋದ.

ಆಗ ಆಯಿ ಕುಣಿಯ ದಂಡೆಗೆ ಬಂದಳು. ಸಾವಿನ ವಿಷಯದಲ್ಲಿ ಆಯಿಗೆ ಅನುಭವ ಬಹಳ. ಸ್ವಂತದ್ದೇ ಮೂರು ಸಲ ಆಗಿದೆ. ಮೂರು ಸಲವೂ ನೆಂಟರೆಲ್ಲ ಬಂದು, ಬಾಯಿಗೆ ನೀರು ಬಿಟ್ಟು, ಹಣೆಗೆ ವಿಭೂತಿ ಹಚ್ಚಿದ ಮೇಲೆ ಎದ್ದು ಕೂತು, ಬಂದವರಿಗೆ ಊಟ ಆಯಿತೇ ಎಂದು ಕೇಳಿದವಳು ಆಕೆ. ಬಗ್ಗಿ ಗೌಡಶಾನಿಯನ್ನು ನೋಡಿ ನನಗೆ ಹೇಳಿದಳು:

"ಸುವ್ವೀ, ಇದರ ಜೀವ ಯಾರ ಮ್ಯಾಲೋ ಐತಿ. ಅದಕ್ಕ ಹೋಗವಲ್ದು."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತು. ಸಾಯುವವರ ಜೀವ ಏನಾದರೂ ಒಂದರ ಮೇಲೆ ಸಿಕ್ಕಿಕೊಂಡಿರುತ್ತದೆ. ಕೆಲವರದು ಮಗನ ಮೇಲೆ, ಕೆಲವರದು ಎಮ್ಮೆಯ ಮೇಲೆ, ನಮ್ಮ ಓಣಿಯ ಒಬ್ಬ ಮುದುಕನದು ಮಂಡಕ್ಕಿ ಮಿರ್ಚಿಯ ಮೇಲಿತ್ತು. ಅದನ್ನು ತಂದು ತೋರಿಸಿದರೆ ಜೀವ ಹಗುರಾಗಿ ಹೋಗುತ್ತದೆ. ತೋರಿಸದಿದ್ದರೆ ನರಳುತ್ತ ಬಿದ್ದಿರುತ್ತದೆ. ಅಂದರೆ ಐತವಾರ ಸಂಜೆಯೊಳಗೆ ಗೌಡಶಾನಿಯ ಜೀವ ಯಾರ ಮೇಲಿದೆ ಎಂದು ಕಂಡುಹಿಡಿಯಬೇಕು. ಇಲ್ಲವಾದರೆ ಹತ್ತೊಂಬತ್ತು ವರ್ಷದ ಸೇವೆಗೆ ಗೋಣಿಚೀಲ.

ಮೊದಲ ಅನುಮಾನ ಮಟನ್ ಮೇಲೆ. ನಮ್ಮದು ಶಾಕಾಹಾರಿ ಮನೆ. ಗೌಡಶಾನಿ ವಾರದಲ್ಲಿ ಆರು ದಿನ ನಮ್ಮಲ್ಲಿ ಹಾಲು, ತುಪ್ಪ, ರೊಟ್ಟಿ ತಿಂದು ಶುಕ್ರವಾರ ಮಾತ್ರ ಹಜರತಬೀಯ ಅಡುಗೆಮನೆಯಲ್ಲಿರುತ್ತಿದ್ದಳು. ಶನಿವಾರ ನಮ್ಮ ಮನೆಗೆ ಬರುವಾಗ ಮುಖದಲ್ಲಿ ಏನೂ ಕಾಣಗೊಡುತ್ತಿರಲಿಲ್ಲ. ವಿಷಯ ತಿಳಿದು ಹಜರತಬೀ ಆ ಸಂಜೆ ಬಟ್ಟಲಲ್ಲಿ ಮಟನ್ ಸಾರಿನ ಬಿಸಿ ಸುರವಾ ತಂದು ಹೊಸ್ತಿಲಲ್ಲೇ ನಿಂತಳು.

"ಒಳಗ ಹೆಂಗ ತರಲಿ ಆಯೀ? ನಿಮ್ಮ ಮನೀಗೆ ನಡ್ಯಾಂಗಿಲ್ಲ."

ಆಯಿ ಯೋಚಿಸಿದಳು. ಆಕೆ ಕೊಟ್ಟ ತೀರ್ಪನ್ನು ನಾನು ಇಂದಿಗೂ ವಕೀಲರಿಗೆ ಹೇಳಬೇಕೆಂದಿದ್ದೇನೆ.

"ಕುಣಿ ನೆಲದ ಕೆಳಗ ಐತಿ ಹಜರತಬೀ. ನೆಲದ ಕೆಳಗಿಂದು ಮನಿ ಲೆಕ್ಕಕ್ಕ ಬರೂದಿಲ್ಲ. ತಾ."

ಹಜರತಬೀ ಕುಣಿಗೆ ಇಳಿದು ಬೆರಳು ಅದ್ದಿ ಬಾಯಿಗಿಟ್ಟಳು. "ಅರೇ ನನ್ನ ಬಂಗಾರ, ಒಂದ ಹನಿ ನೆಕ್ಕ," ಎಂದಳು. ಗೌಡಶಾನಿ ಮೂಸಿದಳು. ಮುಖ ತಿರುಗಿಸಿದಳು. ಹಜರತಬೀ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೇಲೆ ಬಂದಳು. ಸುರವಾ ತಿರುಗಿ ಹೋಯಿತು.

"ಮಟನ್ ಮ್ಯಾಲೆ ಇಲ್ಲ," ಎಂದಳು ಆಯಿ. "ಮತ್ತ ಯಾರ ಮ್ಯಾಲೆ ಇರತೈತಿ? ಶಾಂತಿ ಮ್ಯಾಲೇ."

ಶಾಂತಿ ನನ್ನ ಅಕ್ಕ. ಅವಳು ತೊಟ್ಟಿಲಲ್ಲಿದ್ದಾಗ ಗೌಡಶಾನಿ ಮರಿ. ಇಬ್ಬರೂ ಒಂದೇ ತೊಟ್ಟಿಲಲ್ಲಿ ಮಲಗಿದವರು. ನನ್ನ ಮೇಲೆ ಜಗಳಕ್ಕೆ ಬರುತ್ತಿದ್ದ ಬೆಕ್ಕು, ಅಕ್ಕ ನಾಲಿಗೆಯಿಂದ ಟಕ್ ಟಕ್ ಎಂದರೆ ಎಲ್ಲಿದ್ದರೂ ಬರುತ್ತಿತ್ತು. ಎರಡು ವರ್ಷದ ಹಿಂದೆ ಅಕ್ಕನನ್ನು ಬೈಲಹೊಂಗಲಕ್ಕೆ ಕೊಟ್ಟೆವು. ಅವಳು ಹೋದ ಮೇಲೆ ಗೌಡಶಾನಿ ಹತ್ತು ದಿನ ಅವಳ ಹಾಸಿಗೆಯ ಸುರುಳಿಯ ಮೇಲೆ ಕೂತಿದ್ದಳು. ನಾನೂ ಕೂರಬಹುದಿತ್ತು, ಜಾಗ ಕೊಡಲಿಲ್ಲ.

ಆದರೆ ಬೆಕ್ಕು ಸಾಯಲಿಕ್ಕೆ ಹತ್ತಿದೆ ಎಂದು ಸೊಸೆಯನ್ನು ತವರಿಗೆ ಕಳಿಸುವ ಮನೆಯನ್ನು ಬೈಲಹೊಂಗಲದಲ್ಲಿ ಇನ್ನೂ ಯಾರೂ ಕಟ್ಟಿಲ್ಲ. ಅದಕ್ಕೂ ಆಯಿಯೇ ದಾರಿ ಹೇಳಿದಳು.

"ನನಗ ಆರಾಮಿಲ್ಲ ಅಂತ ಹೇಳು. ಇಷ್ಟ ಹೇಳು. ಹೆಚ್ಚಿಂದು ಹೇಳಬ್ಯಾಡ. ನಿನ್ನ ಬಾಯಿ ನನಗ ಗೊತ್ತೈತಿ."

ಶನಿವಾರ ಬೆಳಗಿನ ಸಾಲೆ ಮುಗಿಸಿ, ಅಪ್ಪ ಕೊಟ್ಟ ಬಸ್ ಚಾರ್ಜು ಹಿಡಿದುಕೊಂಡು, ಯರಗಟ್ಟಿ ದಾಟಿ ಬೈಲಹೊಂಗಲಕ್ಕೆ ಹೋದೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಹೇಳಿಕೊಂಡೆ: ಆಯಿಗೆ ಆರಾಮಿಲ್ಲ. ಆಯಿಗೆ ಆರಾಮಿಲ್ಲ. ಮೂರೇ ಶಬ್ದ ಕೂಡ ಅಲ್ಲ, ಎರಡು.

ಅಕ್ಕನ ಅತ್ತೆ ನೀಲವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಒಡೆಯುತ್ತಿದ್ದಳು. ನೀಲವ್ವನ ಬಗ್ಗೆ ಹೇಳಲೇಬೇಕು. ನಮ್ಮ ಕಡೆ ಸತ್ತ ಮನೆಯಲ್ಲಿ ಹೆಂಗಸರು ಹಾಡ್ಯಾಡಿಕೊಂಡು ಅಳುತ್ತಾರೆ, ಸತ್ತವರ ಗುಣವನ್ನೆಲ್ಲ ರಾಗ ಹಾಕಿ. ಅದರಲ್ಲಿ ಬೈಲಹೊಂಗಲದಲ್ಲಿ ನೀಲವ್ವನನ್ನು ಮೀರಿದವರಿಲ್ಲ. ಬೇರೆ ಓಣಿಯವರೂ ಕರೆಯಲು ಬರುತ್ತಾರೆ. ಆಕೆ ಅತ್ತ ಮೇಲೆ, ಬದುಕಿದ್ದಾಗ ಯಾರಿಗೂ ಬೇಡವಾದವರು ಕೂಡ ಇನ್ನೆರಡು ದಿನ ಇರಬೇಕಿತ್ತು ಅನ್ನಿಸಿಬಿಡುತ್ತದೆ.

"ಏನವಾ ಸುವರ್ಣಾ, ಒಬ್ಬಾಕೀನ ಬಂದಿ?"

"ಆಯಿಗೆ ಆರಾಮಿಲ್ರಿ," ಎಂದೆ.

"ಏನಾಗೇತಿ?"

ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ನೀಲವ್ವ ಶೇಂಗಾ ಒಡೆಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಒಳಗಿನಿಂದ ಅಕ್ಕ ಬಂದು ಬಾಗಿಲಲ್ಲಿ ನಿಂತಳು. ಪಕ್ಕದ ಮನೆಯವರೂ ಇಣುಕಿದರು. ಇಷ್ಟು ಜನ ಒಮ್ಮೆಲೇ ನನ್ನ ಮಾತು ಕೇಳಿದ್ದು ಹಿಂದೆ ಒಮ್ಮೆಯೂ ಇಲ್ಲ. ಮೂರು ದಿನದಿಂದ ಅನ್ನ ಬಿಟ್ಟಿದ್ದಾಳೆ ಎಂದೆ. ಎಡಗೈ ತಣ್ಣಗಾಗಿದೆ ಎಂದೆ. ಆಗಲೇ ಬಲಗೈಯೂ ಆಗುತ್ತಿದೆ ಎಂದೆ. ನಾಲಿಗೆ ಹೊರಳುವುದಿಲ್ಲ, ಆದರೂ ಶಾಂತೀ ಶಾಂತೀ ಎಂದು ಕನವರಿಸುತ್ತಾಳೆ ಎಂದೆ. ನಾಲಿಗೆ ಹೊರಳದೆ ಹೇಗೆ ಕನವರಿಸಿದಳು ಎಂದು ಯಾರಾದರೂ ಕೇಳುವ ಮೊದಲೇ, ಈಗ ನೆನೆಸಿಕೊಂಡರೂ ಹಣೆ ಬಡಿದುಕೊಳ್ಳುವ ಆ ಮಾತನ್ನು ಆಡಿದೆ:

"ನಿಮ್ಮ ಹೆಸರೂ ಹೇಳತಾಳ್ರಿ ಅತ್ತಿ. ಒಮ್ಮಿ ನೀಲವ್ವನ್ನ ನೋಡಬೇಕಿತ್ತು, ಅಂತಾಳ್ರಿ."

ನೀಲವ್ವನ ಕಣ್ಣು ತುಂಬಿತು. "ಅಷ್ಟ ದೂರಿಂದ ನನ್ನ ನೆನಸ್ಯಾಳ," ಎಂದಳು. "ನಾಳಿ ಮುಂಜಾನಿ ಮೊದಲ ಬಸ್ಸಿಗೆ ನಾನೂ ಬರತೇನಿ."

ಮರುದಿನ ಬಸ್ಸಿನಲ್ಲಿ ನೀಲವ್ವ ಮುಂದಿನ ಸೀಟು, ನಾನು ಅಕ್ಕ ಹಿಂದಿನ ಸೀಟು. ಅಕ್ಕ ರಾತ್ರಿಯಿಂದ ಅತ್ತು ಮೂಗು ಒರೆಸಿಕೊಳ್ಳುತ್ತಿದ್ದಳು. ಯರಗಟ್ಟಿಯ ಹತ್ತಿರ ಅವಳ ಕಿವಿಯಲ್ಲಿ ಹೇಳಿದೆ:

"ಆಯಿ ಗುಂಡಕಲ್ಲ ಇದ್ದಂಗ ಅದಾಳ. ಸಾಯಾಕ ಹತ್ತಿದ್ದು ಗೌಡಶಾನಿ."

ಅಕ್ಕ ಅಳು ನಿಲ್ಲಿಸಿ ನನ್ನನ್ನು ನೋಡಿದಳು. ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಬಾರಿಸಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು, ಅದಕ್ಕೆ ಹಣೆ ಒತ್ತಿ, ಈ ಸಲ ನಿಜವಾಗಿ ಅತ್ತಳು. ಆಯಿಗಾಗಿ ಅತ್ತಾಗ ಸೆರಗು ಬಾಯಿಗೆ ಇಟ್ಟುಕೊಂಡಿದ್ದಳು. ಈಗ ಅದರ ನೆನಪೂ ಇರಲಿಲ್ಲ. ಕಂಡಕ್ಟರ್ ಬಂದು, "ಯಾರು ಹೋದ್ರವಾ?" ಎಂದು ಕೇಳಿದ. ನೀಲವ್ವ ಹಿಂದೆ ತಿರುಗಿ, "ಇನ್ನೂ ಹೋಗಿಲ್ಲಪಾ, ಹೊಂಟಾರ," ಎಂದಳು.

ರಾಮದುರ್ಗದಲ್ಲಿ ಬಸ್ ನಿಂತದ್ದೇ ನಾನು ಓಡಿದೆ. ಮನೆಯ ಅಂಗಳದಲ್ಲಿ ಆಯಿ ಒರಳಿನ ಮುಂದೆ ಕೂತು ಕೆಂಪು ಮೆಣಸಿನಕಾಯಿ ಕುಟ್ಟುತ್ತಿದ್ದಳು, ಬಾಯಲ್ಲಿ ರೊಟ್ಟಿ.

"ಆಯೀ, ನೀಲವ್ವತ್ತಿ ಬರಾಕ ಹತ್ಯಾಳ! ಸಾಯಿ!"

"ಆರಾಮಿಲ್ಲ ಅಂತ ಅಷ್ಟ ಹೇಳಂದಿದ್ನಲ್ಲ!"

"ಹೇಳೂದ್ರಾಗ ಒಂದೀಟು ಹೆಚ್ಚಾತು."

"ಎಷ್ಟ ಹೆಚ್ಚಾತು?"

"ಎರಡೂ ಕೈ ತಣ್ಣಗ ಆಗ್ಯಾವು. ನಾಲಗಿ ಹೋಗೇತಿ."

ಆಯಿ ಬಾಯಲ್ಲಿದ್ದ ರೊಟ್ಟಿಯನ್ನು ಅವಸರವಿಲ್ಲದೆ ನುಂಗಿದಳು. ನಾಲಿಗೆ ಹೋಗುವ ಮೊದಲು ಅದಕ್ಕೆ ಇನ್ನೊಂದು ಕೆಲಸ ಕೊಟ್ಟಳು: ನನ್ನನ್ನು ಬೈದಳು. ಆಮೇಲೆ ಪಡಸಾಲೆಯಲ್ಲಿ ಹಾಸಿಗೆ ಹಾಕಿಸಿ, ಕೈಗಳನ್ನು ತಣ್ಣೀರಿನ ಕೊಡದಲ್ಲಿ ಅದ್ದಿಕೊಂಡು, ಮಲಗಿ, ಕಣ್ಣು ಮೇಲಕ್ಕೆ ತಿರುಗಿಸಿದಳು. ನಾಲ್ಕನೆಯ ಸಲವಾದರೂ ಕಾಟಾಚಾರಕ್ಕೆ ಮಾಡುವ ಹೆಂಗಸಲ್ಲ.

ನಮ್ಮ ಪಡಸಾಲೆ ಒಂದೇ ಉದ್ದನೆಯ ಕೋಣೆ. ಈ ತುದಿಗೆ ಬಾಗಿಲ ಹತ್ತಿರ ಆಯಿಯ ಹಾಸಿಗೆ. ಆ ತುದಿಗೆ ಕಿಟಕಿಯ ಕೆಳಗೆ ಮಗ್ಗ. ನಡುವೆ ಎಂಟು ಹೆಜ್ಜೆ. ಒಳಗೆ ಬಂದ ಅಕ್ಕ ನೇರ ಮಗ್ಗದ ಕಡೆ ನಡೆದಳು. ಮೂರನೆಯ ಹೆಜ್ಜೆಗೆ ನೀಲವ್ವ ಕೈ ಹಿಡಿದಳು.

"ಅತ್ತಾಗ ಎಲ್ಲಿ ಹೊಂಟೀಯವಾ? ಆಯಿ ಇತ್ತಾಗ ಅದಾಳ. ತಲಿ ಹತ್ರ ಕುಂದ್ರು."

ಅಕ್ಕ ಕೂತಳು. ಆಯಿಯ ಕೈ ಹಿಡಿದುಕೊಂಡು, ಕಣ್ಣನ್ನು ಮಗ್ಗದ ಮೇಲಿಟ್ಟು ಕೂತಳು. ನೀರು ತರುತ್ತೇನೆ ಎಂದು ಎದ್ದಳು, "ಸುವರ್ಣಾ ತರತಾಳ, ನೀ ಕುಂದ್ರು." ಕಿಟಕಿ ತೆರೆಯುತ್ತೇನೆ ಎಂದು ಎದ್ದಳು, "ಗಾಳಿ ಆಗಂಗಿಲ್ಲ ಆಕೀಗೆ, ಕುಂದ್ರು." ಮೊಮ್ಮಗಳಾದವಳು ಹಿರಿಯರ ಕೊನೆಗಾಲದಲ್ಲಿ ಎದ್ದು ಓಡಾಡಬಾರದು ಎಂದು ನೀಲವ್ವ ಪ್ರೀತಿಯಿಂದಲೇ ಹೇಳಿದಳು. ಆಕೆಯ ತಪ್ಪೇನೂ ಇಲ್ಲ. ಹನ್ನೊಂದು ವರ್ಷದ ಹಿಂದೆ ತನ್ನ ಸ್ವಂತ ಅವ್ವ ಸಾಯುವಾಗ ತಾನು ಅಡುಗೆಮನೆಯಲ್ಲಿದ್ದೆ, ಕೈ ಹಿಡಿಯಲು ಆಗಲಿಲ್ಲ ಎಂದು ಹೇಳಿ ಕಣ್ಣೊರೆಸಿಕೊಂಡಳು. ಅದನ್ನು ಕೇಳಿ ನನಗೆ ಏನೋ ಆಯಿತು. ಎಲ್ಲ ಹೇಳಿಬಿಡೋಣ ಅನ್ನಿಸಿತು. ಹೇಳಲಿಲ್ಲ. ನನಗೆ ಹೆಚ್ಚಿಗೆ ಹೇಳಿ ರೂಢಿ, ಇದ್ದದ್ದು ಹೇಳಿ ಇಲ್ಲ.

ಅಪ್ಪ ಹೋಟೆಲಿನಿಂದ ಬಂದ. ಆಟ ಅವನಿಗೆ ಗೊತ್ತಿದ್ದದ್ದೇ. ಆದರೂ ಆಯಿಯ ಮುಖ, ತಣ್ಣನೆಯ ಕೈ ನೋಡಿ ನನ್ನನ್ನು ಮೂಲೆಗೆ ಕರೆದು, "ಇದು ಸುಳ್ಳ ಹೌದಿಲ್ಲೋ?" ಎಂದು ಕೇಳಿದ. ಹೌದು ಎಂದೆ. "ಪಕ್ಕಾ?" ಎಂದ.

ಸ್ವಲ್ಪ ಹೊತ್ತಿನ ಮೇಲೆ ಅಕ್ಕ ಸೆರಗು ಬಾಯಿಗಿಟ್ಟು ಬಿಕ್ಕಿದಳು. ಬಿಕ್ಕುವ ನಡುವೆ ನಾಲಿಗೆಯಿಂದ ಮೆಲ್ಲಗೆ ಟಕ್ ಟಕ್ ಎಂದಳು. ಯಾರಿಗೂ ತಿಳಿಯಲಿಲ್ಲ. ಇನ್ನೊಮ್ಮೆ ಬಿಕ್ಕಿದಳು, ಟಕ್ ಟಕ್. ಆಗ ಎಂಟು ಹೆಜ್ಜೆಯ ಆಚೆ, ನೆಲದ ಕೆಳಗಿನಿಂದ, ಸಣ್ಣದೊಂದು ದನಿ ಬಂತು. ಐದು ದಿನದಿಂದ ಬಾಯಿ ಬಿಡದ ಗೌಡಶಾನಿ ಓಗೊಟ್ಟಳು.

ನೀಲವ್ವ ಕಿವಿ ನಿಮಿರಿಸಿದಳು. "ಏನದು?"

ನನ್ನ ತಲೆ ಓಡಲಿಲ್ಲ. ಆಯಿಯ ತಲೆ ಓಡಿತು. ಕಣ್ಣು ಮುಚ್ಚಿದ್ದಂತೆಯೇ ಬಾಯಿ ಅಷ್ಟಗಲ ತೆರೆದು ಅದೇ ರಾಗದಲ್ಲಿ, "ಮ್ಯಾಂ..." ಎಂದು ನರಳಿದಳು.

"ಶಿವನೇ," ಎಂದಳು ನೀಲವ್ವ. "ಗಂಟಲಾಗ ಜೀವ ಬಂತು."

ಅಕ್ಕ ಇನ್ನೊಮ್ಮೆ ಕರೆಯಲಿಲ್ಲ. ಆಯಿಯ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಕೂತಳು. ನಾನು ನೀರು ತರುವ ನೆವದಲ್ಲಿ ಕುಣಿಯ ಕಡೆ ಒಂದು ಸುತ್ತು ಹೋಗಿ ಬಂದೆ. ಗೌಡಶಾನಿ ತಲೆ ಎತ್ತಿದ್ದಳು. ಕಿವಿ ಬಾಗಿಲ ಕಡೆ ತಿರುಗಿತ್ತು. ನನ್ನನ್ನು ನೋಡಿ, ನೀನಲ್ಲ ಎಂಬಂತೆ ಕಣ್ಣು ಮುಚ್ಚಿದಳು. ಹದಿನಾರು ವರ್ಷದ ಪರಿಚಯ ನಮ್ಮದು.

ಇಷ್ಟಕ್ಕೇ ನಿಂತಿದ್ದರೆ ಹೇಗೋ ಮಧ್ಯಾಹ್ನದ ಊಟಕ್ಕೆ ನೀಲವ್ವನನ್ನು ಹಜರತಬೀಯ ಕಟ್ಟೆಗೆ ಕರೆದೊಯ್ದು ಅಕ್ಕನಿಗೆ ದಾರಿ ಮಾಡಿಕೊಡುತ್ತಿದ್ದೆ. ಹಾಗಂತ ಹಜರತಬೀಯೊಂದಿಗೆ ಹಿತ್ತಿಲಲ್ಲಿ ಮಾತೂ ಆಗಿತ್ತು. ಆದರೆ ಆಯಿ ಬೆಳಗಿನಿಂದ ಮೆಣಸಿನಕಾಯಿ ಕುಟ್ಟಿ ದಣಿದಿದ್ದಳು. ಹಾಸಿಗೆ ಮೆತ್ತಗಿತ್ತು. ಸಾಯುತ್ತ ಸಾಯುತ್ತ ನಿದ್ದೆ ಹೋದಳು. ಬಾಯಿ ತೆರೆದುಕೊಂಡಿತು. ನೀಲವ್ವ ಚಮಚದಲ್ಲಿ ಬಿಟ್ಟ ನೀರು ಕಟಬಾಯಿಂದ ಹೊರಗೆ ಹರಿಯಿತು.

"ಅತ್ತೀ? ಅತ್ತೀ?" ಎಂದಳು ನೀಲವ್ವ. ನೀಲವ್ವ ಚಮಚ ಕೆಳಗಿಟ್ಟಳು, ತಲೆಯ ಮೇಲೆ ಸೆರಗು ಹೊದ್ದಳು, ಗಂಟಲು ಸರಿಮಾಡಿಕೊಂಡಳು. ಅಲ್ಲಿಗೆ ನಮ್ಮ ಕೈ ಮೀರಿತು.

"ಹತ್ತ ಮನೀಗೆ ಹಾಲ ಹಂಚಿದಾಕೀ, ನನ್ನವ್ವಾ... ಒಂದ ಮಾತು ಬಿರುಸ ಆಡದಾಕೀ..."

ಆ ಎರಡನೆಯ ಸಾಲು ಬಂದಾಗ ಅವ್ವ ಮನೆಯಲ್ಲಿರಲಿಲ್ಲ, ಒಳ್ಳೆಯದೇ ಆಯಿತು. ಹಾಡು ಓಣಿಗೆ ಕೇಳಿಸಿತು. ಐದು ನಿಮಿಷದಲ್ಲಿ ಪಡಸಾಲೆ ತುಂಬಿತು. ಕೆಲವರು ಊದಿನಕಡ್ಡಿ ತಂದರು. ಹಜರತಬೀ ಓಡಿಬಂದು, ನಡೆದದ್ದು ತಿಳಿಯದೆ, "ಖರೇ ಹೋದ್ಳೇನು?" ಎಂದು ನನ್ನನ್ನು ಅಲುಗಾಡಿಸಿದಳು. ಅಪ್ಪ, ಎಲ್ಲ ಗೊತ್ತಿದ್ದ ಅಪ್ಪ, ಗೋಡೆಗೆ ಆತು "ಯವ್ವಾ" ಎಂದು ಕುಸಿದು ಕೂತ.

ಆ ಸದ್ದಿಗೆ ಆಯಿಗೆ ಎಚ್ಚರವಾಗಿತ್ತು. ಇದನ್ನು ಆಕೆಯೇ ಆಮೇಲೆ ಹೇಳಿದಳು. ಯಾಕೆ ಏಳಲಿಲ್ಲ ಎಂದು ಕೇಳಿದ್ದಕ್ಕೆ, "ಎಪ್ಪತ್ತ ವರ್ಷಕ್ಕ ಒಬ್ರು ನನ್ನ ಹೊಗಳಿದ್ರು. ನಡುವ ಎದ್ರ ಚಲೋ ಕಾಣತಿತ್ತೇನು?" ಎಂದಳು. ಹಾಗಾಗಿ ಎಚ್ಚರವಿದ್ದೂ ಸತ್ತೇ ಇದ್ದಳು. ನೀಲವ್ವ ಆಕೆಯ ಕೈಯ ರೊಟ್ಟಿಯನ್ನು ಹಾಡಿದಳು, ನಡೆಯುವ ನಡಿಗೆಯನ್ನು ಹಾಡಿದಳು, ಸೊಸೆಯನ್ನು ಮಗಳ ಹಾಗೆ ಕಂಡದ್ದನ್ನು ಹಾಡಿದಳು. ಹೆಂಗಸರೆಲ್ಲ ಅತ್ತರು. ನನಗೂ ಅಳು ಬಂತು. ಅಷ್ಟು ಚೆನ್ನಾಗಿತ್ತು.

ಕಿತ್ತೂರಿನ ಕಡೆಯಿಂದ ರಾಮದುರ್ಗಕ್ಕೆ ಬರುವವರು ಬೈಲಹೊಂಗಲದಲ್ಲಿ ಬಸ್ ಬದಲಿಸುತ್ತಾರೆ. ಇದು ನಮ್ಮ ಮನೆಯ ಕೋಳಿಗೂ ಗೊತ್ತಿರುವ ಸಂಗತಿ. ನಾವು ಕೋಳಿ ಸಾಕುವುದಿಲ್ಲ, ಸಾಕಿದ್ದರೆ ಗೊತ್ತಿರುತ್ತಿತ್ತು. ಬಸ್ ಬದಲಿಸುವ ತಾಯಿ ನಡುವೆ ಮಗಳ ಮನೆಗೆ ಹೋಗಿ ಬರುತ್ತಾಳೆ. ಅದೂ ಎಲ್ಲರಿಗೂ ಗೊತ್ತು. ಅವ್ವ ಬೆಳಿಗ್ಗೆ ಅಲ್ಲಿಗೆ ಹೋದಾಗ ಮನೆಗೆ ಬೀಗ. ಪಕ್ಕದವರು ಎರಡೂ ಕೈ ತಣ್ಣಗಾದದ್ದರಿಂದ ಹಿಡಿದು ಪೂರ್ತಿ ಹೇಳಿದರು. ಅವ್ವ ಸಿಕ್ಕ ಬಸ್ ಹತ್ತಿದಳಂತೆ. ಸಂಜೆ ಬರಬೇಕಾದವಳು ಹನ್ನೆರಡಕ್ಕೆ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ತೊಟ್ಟಿಲ ಮನೆಯ ಗುಗ್ಗರಿಯ ಗಂಟು.

ಸತ್ತ ಮನೆಗೆ ಸೊಸೆ ಬಂದಾಗ ಅಳು ಏರುತ್ತದೆ. ಏರಿತು. ನೀಲವ್ವ ಕೈ ಚಾಚಿ, "ನಿನ್ನ ಮಾರಿ ನೋಡದ ಹೋದ್ಲಲ್ಲವ್ವಾ ಬೀಗತೀ..." ಎಂದು ದನಿ ಎತ್ತಿದಳು. ಜನ ದಾರಿ ಬಿಟ್ಟರು. ಅವ್ವ ಹಾಸಿಗೆಯ ಹತ್ತಿರ ಬಂದು ಆಯಿಯನ್ನು ನೋಡಿದಳು. ಆಯಿಯ ಬಾಯಿಯ ಅಂಚಿನಲ್ಲಿ ಮೆಣಸಿನಕಾಯಿಯ ಒಂದು ಬೀಜ ಅಂಟಿಕೊಂಡಿತ್ತು. ಅವ್ವ ಅದನ್ನೂ ನೋಡಿದಳು. ನನ್ನನ್ನು ನೋಡಿದಳು. ನಾನು ಸತ್ತೆ ಎಂದುಕೊಂಡೆ.

ಅವ್ವ ನಮ್ಮನ್ನೆಲ್ಲ ದಾಟಿ ಮಗ್ಗದ ಕಡೆ ನಡೆದಳು. ಗುಗ್ಗರಿಯ ಗಂಟನ್ನು ಮಗ್ಗದ ಕಂಬಕ್ಕೆ ತೂಗುಹಾಕಿ, ದಂಡೆಯ ಮೇಲೆ ಕಾಲು ಮಡಚಿ ಕೂತು, ಕೆಳಗೆ ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಕೈ ಕೆಳಗೆ ಹೋಯಿತು. ಮೇಲೆ ಬರಲಿಲ್ಲ.

ನಾವು ಇಪ್ಪತ್ತೈದು ಜನ ಇದ್ದೆವು ಆ ಕೋಣೆಯಲ್ಲಿ. ಅವ್ವನ ಕೈ ಕೆಳಗಿದ್ದಾಗಲೇ ಗೌಡಶಾನಿಯ ಜೀವ ಹೋಯಿತು, ಯಾವ ಗಳಿಗೆಗೆ ಎಂದು ಹೇಳಲು ಒಬ್ಬರಿಗೂ ಬರುವುದಿಲ್ಲ.

"ಅತ್ತೀ," ಎಂದಳು ಅವ್ವ, ತಿರುಗದೆಯೇ. "ಏಳ್ರಿ."

ಆಯಿ ಎದ್ದು ಕೂತಳು. ಇಬ್ಬರು ಹೆಂಗಸರು ಬಾಗಿಲಿನಿಂದ, ಒಬ್ಬಳು ಕಿಟಕಿಯಿಂದ ಹೊರಗೆ ಹೋದರು. ಕಿಟಕಿಗೆ ಕಂಬಿಗಳಿದ್ದವು, ಆದರೂ ಹೋದಳು. ನೀಲವ್ವನ ಹಾಡು ಒಂದು ಸಾಲಿನ ನಡುವೆ ನಿಂತಿತು. ಆಕೆ ಆಯಿಯನ್ನು ನೋಡಿದಳು, ಚಮಚ ನೋಡಿದಳು, ನನ್ನನ್ನು ನೋಡಿದಳು. ಅಕ್ಕ ಯಾರನ್ನೂ ನೋಡಲಿಲ್ಲ. ಎದ್ದು ಎಂಟು ಹೆಜ್ಜೆ ನಡೆದು ಕುಣಿಗೆ ಇಳಿದಳು. ಈ ಸಲ ಯಾರೂ ಕೈ ಹಿಡಿಯಲಿಲ್ಲ.

ಅವ್ವ ಆಗ ತಿರುಗಿದಳು. ಅವಳ ಕಣ್ಣು ಹಾಗೆ ಕೆಂಪಗಿದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ದನಿ ಮಾತ್ರ ಎಂದಿನದೇ.

"ನಿಲ್ಲಸಬ್ಯಾಡ್ರಿ ಬೀಗತಿ," ಎಂದಳು. "ಇಷ್ಟ ಚಲೋ ಅಳು ಹಾಳ ಮಾಡಬಾರದು. ಸತ್ತಾಕಿ ಈ ಕಡೆ ಅದಾಳ. ಇತ್ತಾಗ ಹೊಳ್ಳಿ ಕುಂತ ಅಳ್ರಿ."